ಯಾರ ಮಾತು ಕೇಳಬೇಕು

ನಾನು ಓದಿದ ಹಾಸ್ಟೆಲಿನ ಊಟದ ಹಾಲ್‌ನಲ್ಲಿ, ಸಾಲಾಗಿ ಕೂತರೆ ಎದುರಿಗೇ ಕಾಣುವಂತೆ, ನೀಲಿ ಬಣ್ಣದಲ್ಲಿ ಒಂದು ವಾಕ್ಯ ಬರೆಸಿದ್ದರು: ಬಲಿಗಿಂತ ವಿಧೇಯತೆ ಮೇಲು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 1 ಸಮುವೇಲ 15:22. ಐದು ವರ್ಷ, ಮೂರು ಹೊತ್ತೂ, ಆ ಗೋಡೆ ನೋಡಿಕೊಂಡೇ ಉಂಡಿದ್ದೇನೆ.

ಏಳನೇ ಇಯತ್ತೆಯಲ್ಲಿದ್ದಾಗ ಉಗ್ರಾಣದಿಂದ ಒಂದು ಬ್ರೆಡ್ ಪ್ಯಾಕೆಟ್ ಕಾಣೆಯಾಯಿತು. ಅದರ ಖಾಲಿ ಹಾಳೆ ಐದನೇ ಇಯತ್ತೆಯ ಒಬ್ಬ ಹುಡುಗನ ಹಾಸಿಗೆಯ ಕೆಳಗೆ ಸಿಕ್ಕಿತು. ತಿಂದವನು ಅವನಲ್ಲ, ನಮಗೆಲ್ಲ ಲೀಡರ್ ಆಗಿದ್ದ ದೊಡ್ಡ ಹುಡುಗ. ಹಾಳೆಯನ್ನು ಮಡಚಿ ಆ ಹಾಸಿಗೆಯ ಕೆಳಗೆ ತುರುಕಿದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡಿದ್ದೆ. ವಾರ್ಡನ್ ಸಣ್ಣವನನ್ನು ನೀರಿನ ಟಾಕಿಯ ಪಕ್ಕ ಜಲ್ಲಿಕಲ್ಲಿನ ಮೇಲೆ ಮೊಣಕಾಲೂರಿಸಿದರು. ಸಂಜೆ ಪ್ರಾರ್ಥನೆಯಲ್ಲಿ, ದೇವರ ಭಯ ಇಲ್ಲದವರ ಗತಿ ಹೀಗೇ ಆಗುತ್ತದೆ ಎಂದರು. ನಾವು ಅರವತ್ತು ಹುಡುಗರು ಒಟ್ಟಿಗೆ ಆಮೆನ್ ಅಂದೆವು. ನಾನೂ ಅಂದೆ.

ಮೂರನೇ ದಿನ ಅವನ ಅಪ್ಪ ಊರಿಂದ ಬಂದ. ಮಗ ಕದ್ದಿದ್ದಾನೋ ಇಲ್ಲವೋ ಅಂತ ಕೇಳಲೂ ಇಲ್ಲ. ಎರಡೂ ಕೈ ಜೋಡಿಸಿ, "ತಪ್ಪಾತ್ರೀ ಸರ, ಸಣ್ಣ ಹುಡುಗ, ನಾ ಬುದ್ಧಿ ಹೇಳ್ತೀನ್ರಿ" ಅಂದ. ಆಮೇಲೆ ತಗಡಿನ ಟ್ರಂಕನ್ನು ಹೆಗಲಿಗೇರಿಸಿಕೊಂಡು ಮಗನನ್ನು ಕರೆದುಕೊಂಡು ಹೋದ. ಟ್ರಂಕಿನ ಚಿಲಕ ಸಡಿಲವಿತ್ತು. ಅವನು ಗೇಟು ದಾಟಿ ಹುಣಸೆಮರದ ತಿರುವಿಗೆ ಹೋಗುವವರೆಗೂ ಅದರ ಟಕಟಕ ಸದ್ದು ಕೇಳುತ್ತಿತ್ತು.

ಅಂದಿನಿಂದ 36 ವರ್ಷ ಆಯಿತು. ಆ ಗೋಡೆಬರಹ ಬಂದದ್ದು ಯಾವ ಪುಸ್ತಕದಿಂದಲೋ ಆ ಪುಸ್ತಕವನ್ನು, ಬೈಬಲನ್ನು, ಅಷ್ಟೂ ವರ್ಷ ಬಿಡದೆ ಓದುತ್ತಾ ಬಂದಿದ್ದೇನೆ. ಅದರಲ್ಲಿ ಬರುವ ಇಸ್ರಾಯೇಲ್ಯರು, ಅಂದರೆ ಯೆಹೂದ್ಯರ ಪೂರ್ವಜರು, ಯಾರಿಗೆ ಅಂಜಿದರು, ಯಾರನ್ನು ನಂಬಿದರು, ಯಾರ ಮಾತು ಕೇಳಿದರು ಅನ್ನುವುದು ನನಗೆ ಪಂಡಿತರ ಪ್ರಶ್ನೆ ಆಗಿ ಯಾವತ್ತೂ ಕಂಡಿಲ್ಲ.

ಮೊದಲು ಆ ಪದಗಳ ಬಗ್ಗೆ. ಹಳೆಯ ಹೀಬ್ರೂ ಭಾಷೆಯಲ್ಲಿ ವಿಧೇಯನಾಗು ಅನ್ನುವ ಅರ್ಥಕ್ಕೆ ಬಳಕೆಯಾಗುವ ಮುಖ್ಯ ಪದ 'ಶಮಾ'. ಅದರ ನೇರ ಅರ್ಥ ಕೇಳು. ಕಿವಿಗೆ ಬಿದ್ದದ್ದೂ ಶಮಾ, ಹೇಳಿದಂತೆ ನಡೆದದ್ದೂ ಶಮಾ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಈ ಹುಡುಗ ಮಾತು ಕೇಳಂಗಿಲ್ಲ" ಅಂದರೆ ಅವನ ಕಿವಿ ಕೆಟ್ಟಿದೆ ಅಂತ ಯಾರೂ ತಿಳಿಯುವುದಿಲ್ಲ. ಬೈಬಲಿನ ಧರ್ಮೋಪದೇಶಕಾಂಡದ ಆರನೇ ಅಧ್ಯಾಯದಲ್ಲಿ ಬರುವ, ಯೆಹೂದ್ಯರು ಇಂದಿಗೂ ಬೆಳಿಗ್ಗೆ ಸಂಜೆ ಹೇಳುವ ಆ ವಾಕ್ಯ ಶುರುವಾಗುವುದೇ 'ಇಸ್ರಾಯೇಲೇ, ಕೇಳು' ಅಂತ. ಅವರ ಧರ್ಮದ ಮೊದಲ ಬೇಡಿಕೆ ಕಿವಿ.

ನಂಬಿಕೆಗೆ ಅವರಲ್ಲಿರುವ ಪದ 'ಎಮುನಾ'. ನಾವು ಪ್ರಾರ್ಥನೆ ಮುಗಿಸುವಾಗ ಹೇಳುವ ಆಮೆನ್ ಅದೇ ಬೇರಿನ ಇನ್ನೊಂದು ಚಿಗುರು. ವಿಮೋಚನಕಾಂಡದ 17ನೇ ಅಧ್ಯಾಯದಲ್ಲಿ ಅಮಾಲೇಕ್ಯರೆಂಬ ಶತ್ರು ಜನಾಂಗದ ಜೊತೆ ಕಾಳಗ ನಡೆಯುವಾಗ ಇಸ್ರಾಯೇಲ್ಯರ ಮುಂದಾಳು, ಮುದುಕ ಮೋಶೆ ಗುಡ್ಡದ ಮೇಲೆ ಕೈ ಎತ್ತಿ ನಿಂತಿರುತ್ತಾನೆ. ಕೈ ಸೋಲುತ್ತವೆ. ಆರೋನ ಮತ್ತು ಹೂರ್ ಅವನನ್ನು ಒಂದು ಕಲ್ಲಿನ ಮೇಲೆ ಕೂರಿಸಿ, ಆಚೆ ಒಬ್ಬ ಈಚೆ ಒಬ್ಬ ನಿಂತು, ಕೈಗಳನ್ನು ಹಿಡಿಯುತ್ತಾರೆ. ಹೊತ್ತು ಮುಳುಗುವವರೆಗೂ ಅವನ ಕೈಗಳು ಎಮುನಾ ಆಗಿದ್ದವು ಎಂದು ಹೀಬ್ರೂ ಹೇಳುತ್ತದೆ. ಅಂದರೆ ಅಲುಗಾಡದೆ ನಿಂತವು. ನಂಬಿಕೆ ಎಂದರೆ ತಲೆಯಲ್ಲಿ ಒಪ್ಪಿಕೊಂಡ ಒಂದು ವಿಚಾರ ಅಂದುಕೊಂಡಿದ್ದ ನನಗೆ, ನೋಯುವ ತೋಳನ್ನು ಇಬ್ಬರು ಹಿಡಿದುಕೊಂಡದ್ದಕ್ಕೂ ಅದೇ ಪದ ಅಂತ ತಿಳಿದಾಗ ಬಹಳ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ.

ಇನ್ನು ಭಯ. 'ಯಿರಾ'. ನಮ್ಮ ಕನ್ನಡ ಬೈಬಲಾದ ಸತ್ಯವೇದದಲ್ಲಿ ಕೆಲವು ಕಡೆ ಭಯ, ಕೆಲವು ಕಡೆ ಭಯಭಕ್ತಿ. ನನ್ನ ಅಜ್ಜಿ ಇದನ್ನು "ದೇವರಿಗೆ ಅಂಜಿ ನಡೀಬೇಕು" ಅನ್ನುತ್ತಿದ್ದಳು. ಅಂಜುವುದರ ಜೊತೆಗೆ ನಡೆಯುವುದನ್ನು ಸೇರಿಸಿದ ಆ ಮಾತು, ಹೆದರಿ ಕೂರುವವರ ಮಾತಲ್ಲ. ಈ ಭಯ ಆ ಪುಸ್ತಕದಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾ ಹೋದೆ. ಈ ಬರಹ ಹುಟ್ಟಿದ್ದೇ ಆ ಗುರುತುಗಳಿಂದ.

ಮೊದಲ ಗುರುತು ಇಬ್ಬರು ಸೂಲಗಿತ್ತಿಯರ ಹತ್ತಿರ.

ವಿಮೋಚನಕಾಂಡದ ಮೊದಲನೇ ಅಧ್ಯಾಯ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದ ಇಬ್ರಿಯರ, ಅಂದರೆ ಇಸ್ರಾಯೇಲ್ಯರ, ಸಂಖ್ಯೆ ಹೆಚ್ಚುತ್ತಿದೆ ಎಂದು ಅಲ್ಲಿಯ ಅರಸ ಫರೋಹನಿಗೆ ಹೆದರಿಕೆ. ಇಡೀ ಕಥೆಯಲ್ಲಿ ಮೊದಲು ಹೆದರುವವನು ಅವನೇ, ಸಿಂಹಾಸನದ ಮೇಲಿರುವವನು. ಅವನು ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರನ್ನು ಕರೆಸಿ, ಹೆರಿಗೆ ಕಲ್ಲಿನ ಮೇಲೆ ನೋಡಿರಿ, ಗಂಡಾದರೆ ಕೊಂದುಬಿಡಿ, ಹೆಣ್ಣಾದರೆ ಬದುಕಲಿ ಎನ್ನುತ್ತಾನೆ. ಐಗುಪ್ತದಲ್ಲಿ ಹೆಂಗಸರು ಇಟ್ಟಿಗೆಗಳ ಮೇಲೆ ಕಾಲೂರಿ ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರು. ಅಂಥ ಒಂದು ಹೆರಿಗೆ ಇಟ್ಟಿಗೆ 2001ರಲ್ಲಿ ಅಬಿದೋಸ್‌ನ ಉತ್ಖನನದಲ್ಲಿ ಸಿಕ್ಕಿತು. ಸುಮಾರು 3700 ವರ್ಷ ಹಳೆಯದು. ಅದರ ಮೇಲೆ ಆಗತಾನೇ ಹುಟ್ಟಿದ ಗಂಡುಕೂಸನ್ನು ಹಿಡಿದ ತಾಯಿಯ ಚಿತ್ರ ಇದೆ, ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ. ಆ ಇಟ್ಟಿಗೆಯ ಫೋಟೊ ನೋಡಿದ ಮೇಲೆ ಫರೋಹನ ಆಜ್ಞೆ ನನಗೆ ಬರೀ ಕಥೆಯಾಗಿ ಉಳಿಯಲಿಲ್ಲ. ಕೂಸು ಮೊದಲು ಬೀಳುವುದು ಸೂಲಗಿತ್ತಿಯ ಕೈಗೆ. ಕೊಲ್ಲುವುದಿದ್ದರೆ ಅದೇ ಕೈಯಿಂದ, ತಾಯಿ ಮುಖ ನೋಡುವ ಮೊದಲೇ.

ಸೂಲಗಿತ್ತಿಯರು ದೇವರಿಗೆ ಅಂಜಿದರು, ಅರಸನು ಹೇಳಿದಂತೆ ಮಾಡಲಿಲ್ಲ. ವಿಮೋಚನಕಾಂಡದಲ್ಲಿ ದೇವರ ಭಯದ ಮಾತು ಬರುವುದು ಇದೇ ಮೊದಲು, ಅದೂ ಒಂದು ಅವಿಧೇಯತೆಯ ಜೊತೆಯಲ್ಲಿ. ಆ ಫರೋಹ ಯಾರು ಅನ್ನುವುದನ್ನು ಪುಸ್ತಕ ಎಲ್ಲಿಯೂ ಹೆಸರಿಸಿಲ್ಲ. ಇಬ್ಬರು ಸೂಲಗಿತ್ತಿಯರ ಹೆಸರು ಮಾತ್ರ ಬರೆದಿಟ್ಟಿದೆ. ಅಜ್ಜಿ ಈ ಭಾಗ ಓದುವಾಗ ಆ ಎರಡು ಹೆಸರನ್ನು ಬಿಡಿಸಿ, ನಿಧಾನವಾಗಿ, ಮನೆಯವರನ್ನು ಕರೆದಂತೆ ಓದುತ್ತಿದ್ದಳು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಸ್ರಾಯೇಲ್ ಎಂಬ ಹೆಸರು ಬೈಬಲಿನ ಹೊರಗೆ ಮೊದಲು ಸಿಗುವುದು ಐಗುಪ್ತದ ಮೆರ್ನೆಪ್ತಾ ಅರಸನ ಶಿಲಾಶಾಸನದಲ್ಲಿ, ಕ್ರಿ.ಪೂ. 1208ರ ಸುಮಾರಿಗೆ. ಅದು ಕಾನಾನ್, ಅಂದರೆ ಈಗಿನ ಇಸ್ರೇಲ್-ಪ್ಯಾಲೆಸ್ಟೈನ್, ಕಡೆಯ ಒಂದು ಜನಾಂಗದ ಹೆಸರಾಗಿ ಬರುತ್ತದೆ, ಆ ಜನರ ಬೀಜವೇ ಉಳಿದಿಲ್ಲ ಎಂದು ಅರಸ ಕೊಚ್ಚಿಕೊಂಡಿದ್ದಾನೆ. ಗುಲಾಮರು ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದರು ಎಂದು ಹೇಳುವ ಐಗುಪ್ತದ ದಾಖಲೆ ಯಾವುದೂ ಇಲ್ಲ. ನಾನು ಓದುತ್ತಿರುವುದು ಒಂದು ಜನಾಂಗ ತನ್ನ ಬಗ್ಗೆ ತಾನು ನೂರಾರು ವರ್ಷ ಹೇಳಿಕೊಂಡು, ತಿದ್ದಿಕೊಂಡು, ಬರೆದಿಟ್ಟುಕೊಂಡ ನೆನಪನ್ನು. ಆ ನೆನಪಿನಲ್ಲಿ ಅವರು ತಮ್ಮನ್ನು ವೀರರನ್ನಾಗಿ ತೋರಿಸಿಕೊಂಡಿಲ್ಲ. ಅದಕ್ಕೇ ನನಗೆ ಅದರ ಮೇಲೆ ಭರವಸೆ.

ಅವರು ಎಷ್ಟು ಹೆದರುತ್ತಾರೆ ನೋಡಿ. ಮೋಶೆ ಬಿಡುಗಡೆಯ ಸುದ್ದಿ ತಂದಾಗ ಅವರು ಅವನ ಮಾತು ಕೇಳಲಿಲ್ಲ, ಯಾಕೆಂದರೆ ಬಿಟ್ಟಿದುಡಿಮೆಯಿಂದ ಅವರ 'ರೂಆಖ್' ಗಿಡ್ಡವಾಗಿತ್ತು ಎಂದಿದೆ ಆರನೇ ಅಧ್ಯಾಯ. ರೂಆಖ್ ಅಂದರೆ ಆತ್ಮ ಹೌದು, ಉಸಿರೂ ಹೌದು. ಇಟ್ಟಿಗೆ ಹೊತ್ತು ಹೊತ್ತು ಏದುಸಿರು ಬಿಡುವವನಿಗೆ ಸ್ವಾತಂತ್ರ್ಯದ ಮಾತು ಕಿವಿಗೆ ಹೋಗುವುದಿಲ್ಲ. ಕೇಳುವುದಕ್ಕೂ ಉಸಿರು ಬೇಕು. ಮುಂದೆ ಸಮುದ್ರದ ದಡದಲ್ಲಿ, ಹಿಂದಿನಿಂದ ಫರೋಹನ 600 ಆಯ್ದ ರಥಗಳು ಬರುತ್ತಿರುವಾಗ, ಐಗುಪ್ತದಲ್ಲಿ ಗೋರಿಗಳಿರಲಿಲ್ಲವೇ, ಅಡವಿಯಲ್ಲಿ ಸಾಯಲು ನಮ್ಮನ್ನು ಕರೆತಂದೆಯಾ ಎಂದು ಕೇಳುತ್ತಾರೆ. ಗೋರಿಗಳ ನಾಡಿನಿಂದಲೇ ಬಂದವರು ಕೇಳುವ ಪ್ರಶ್ನೆ ಅದು. ಸಮುದ್ರ ದಾಟಿದ ಮೇಲೆ ಅವರು ತಮ್ಮ ದೇವರಾದ ಯೆಹೋವನಿಗೆ ಅಂಜಿದರು, ಆತನನ್ನು ನಂಬಿದರು ಎಂದು ಬರುತ್ತದೆ. ಮೂರೇ ದಿನ. ಮಾರಾ ಎಂಬಲ್ಲಿ ನೀರು ಕಹಿಯಾಗಿತ್ತು, ಮತ್ತೆ ಗೊಣಗು.

ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಈ ಗೊಣಗುವಿಕೆಯನ್ನು ದೊಡ್ಡ ಪಾಪ ಎಂದು ಕಲಿಸಿದರು. ಈಗ ಓದುವಾಗ ನನ್ನ ಕರುಳು ಅವರ ಕಡೆಗೇ ವಾಲುತ್ತದೆ. ಅರಣ್ಯಕಾಂಡದ 11ನೇ ಅಧ್ಯಾಯದಲ್ಲಿ ಅವರು ಅಳುತ್ತಾ ನೆನೆಸಿಕೊಳ್ಳುವ ಪಟ್ಟಿ ಒಂದಿದೆ: ಮೀನು, ಸೌತೆಕಾಯಿ, ಕಲ್ಲಂಗಡಿ, ಉಳ್ಳಾಗಡ್ಡಿಯ ಜಾತಿಯ ಒಂದು ಸೊಪ್ಪು, ಉಳ್ಳಾಗಡ್ಡಿ, ಬೆಳ್ಳುಳ್ಳಿ. ಗುಲಾಮಗಿರಿಯ ನೆನಪು ಅವರ ನಾಲಿಗೆಗೆ ಬೆಳ್ಳುಳ್ಳಿಯಾಗಿ ಬರುತ್ತದೆ. ಅಡವಿಯಲ್ಲಿ ದೇವರು ಕೊಟ್ಟ ಮನ್ನ ಎಂಬ ಆಹಾರವೊಂದನ್ನೇ ದಿನಾ ತಿಂದು ಬೇಸತ್ತವರು, ಚಾಟಿಯನ್ನು ಮರೆತು ಒಗ್ಗರಣೆಯನ್ನು ನೆನೆಸಿಕೊಂಡದ್ದು ಮನುಷ್ಯ ಸಹಜ.

ಆ ಮನ್ನದ ನಿಯಮವೂ ನಂಬಿಕೆಯ ಪಾಠವೇ. ತಲೆಗೆ ಒಂದು ಓಮೆರ್, ಹೆಚ್ಚುಕಡಿಮೆ ಎರಡು ಲೀಟರು ಹಿಡಿಯುವ ಅಳತೆ. ನಾಳೆಗೆ ಎತ್ತಿಡಬಾರದು. ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾತ ಹೊಡೆಯಿತು. ಹಸಿವು ಕಂಡವರು ನಾಳೆಗೆ ಎತ್ತಿಡದೆ ಇರುವುದು ಎಷ್ಟು ಕಷ್ಟ ಎಂದು ಹಾಸ್ಟೆಲಿನಲ್ಲಿ ದಿಂಬಿನ ಕೆಳಗೆ ಚಪಾತಿ ಮುಚ್ಚಿಟ್ಟ ನಮಗೆ ಗೊತ್ತಿತ್ತು.

ಇದಾದ ಮೇಲೆ ಸೀನಾಯಿ ಬೆಟ್ಟ. ಗುಡುಗು, ಮಿಂಚು, ಹೊಗೆ, ಕೊಂಬಿನ ಧ್ವನಿ. ಜನ ನಡುಗಿ ದೂರ ನಿಂತು, ನೀನೇ ನಮ್ಮ ಸಂಗಡ ಮಾತಾಡು, ದೇವರು ಮಾತಾಡಿದರೆ ಸತ್ತೇವು ಎಂದು ಮೋಶೆಗೆ ಹೇಳುತ್ತಾರೆ. ಅವನ ಉತ್ತರವನ್ನು ಹತ್ತಾರು ಸಲ ಓದಿದ್ದೇನೆ: ಹೆದರಬೇಡಿರಿ, ನೀವು ಪಾಪ ಮಾಡದಂತೆ ಆತನ ಭಯ ನಿಮ್ಮ ಕಣ್ಣೆದುರಿಗೆ ಇರಬೇಕೆಂದೇ ದೇವರು ಬಂದಿದ್ದಾನೆ. ಹೆದರಬೇಡಿ, ಭಯ ಇರಲಿ. ಒಂದೇ ಉಸಿರಿನಲ್ಲಿ ಎರಡು. ಇದು ಗೊಂದಲದ ಮಾತು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಓಡಿಹೋಗುವಂತೆ ಮಾಡುವ ಹೆದರಿಕೆ ಬೇಡ ಅಂತಲೇ ಅವನು ಹೇಳುತ್ತಿದ್ದಾನೆ. ಮುಖದೆದುರು ಉಳಿಯುವ, ಕೈಯನ್ನು ತಡೆಯುವ ಇನ್ನೊಂದು ಭಯ ಇದೆ. ಶಿಪ್ರಾ ಮತ್ತು ಪೂಗಾರ ಕೈ ತಡೆದದ್ದು ಅದು.

ಬೆಟ್ಟದ ಬುಡದಲ್ಲಿ ಜನ ಒಡಂಬಡಿಕೆಗೆ ಒಪ್ಪುವಾಗ ಆಡಿದ ಮಾತು 'ನಅಸೆ ವೆನಿಶ್ಮಾ'. ಮಾಡುತ್ತೇವೆ, ಕೇಳುತ್ತೇವೆ. ಮೊದಲು ಮಾಡುವುದು, ಆಮೇಲೆ ಕೇಳುವುದು. ಈ ತಿರುವು ಕ್ರಮವನ್ನು ಯೆಹೂದ್ಯರ ಗುರುಗಳು ಬಹಳ ಮೆಚ್ಚಿದರು. ಆ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದಿನ ಶಬ್ಬಾತ್ ಎಂಬ ಭಾಗದಲ್ಲಿ, ಹಾಗೆಂದ ಪ್ರತಿಯೊಬ್ಬರ ತಲೆಗೂ ದೇವದೂತರು ಎರಡೆರಡು ಕಿರೀಟ ಕಟ್ಟಿದರು ಎಂಬ ಕಥೆ ಇದೆ. ಅದೇ ಹಾಳೆಯಲ್ಲಿ ಇನ್ನೊಂದು ಕಥೆಯೂ ಇದೆ. ದೇವರು ಸೀನಾಯಿ ಬೆಟ್ಟವನ್ನು ಕಿತ್ತು, ಬೋರಲು ಹಾಕಿದ ಬಾನಿಯಂತೆ ಅವರ ತಲೆಯ ಮೇಲೆ ಹಿಡಿದು, ಧರ್ಮಶಾಸ್ತ್ರವನ್ನು ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲೇ ನಿಮ್ಮ ಗೋರಿ ಎಂದನಂತೆ. ಇದನ್ನು ಕೇಳಿದ ರಾವ್ ಅಹಾ ಬರ್ ಯಾಕೋವ್ ಎಂಬ ಗುರು, ಹಾಗಾದರೆ ಇದು ಧರ್ಮಶಾಸ್ತ್ರದ ಮೇಲೇ ದೊಡ್ಡ ತಕರಾರು ಎಂದು ಆಕ್ಷೇಪ ಎತ್ತುತ್ತಾನೆ. ಬೆದರಿಸಿ ಬರೆಸಿಕೊಂಡ ಕರಾರು ಊರ್ಜಿತವಾಗುವುದಿಲ್ಲ ಅನ್ನುವುದು ಅವನ ವಾದ. ಇದಕ್ಕೆ ರಾವಾ ಎಂಬ ಇನ್ನೊಬ್ಬ ಗುರು, ಪರ್ಷಿಯದ ಅಹಷ್ವೇರೋಷ ರಾಜನ ಕಾಲದಲ್ಲಿ ಅವರು ತಾವಾಗಿಯೇ ಮತ್ತೊಮ್ಮೆ ಒಪ್ಪಿಕೊಂಡರು ಎಂದು ಉತ್ತರ ಕೊಡುತ್ತಾನೆ. ಬೆಟ್ಟ ತಲೆಯ ಮೇಲಿಲ್ಲದಾಗ, ದೇವರ ಹೆಸರೇ ಬಾರದ ಎಸ್ತೇರಳ ಕಥೆಯ ಕಾಲದಲ್ಲಿ.

ತಮ್ಮ ಪವಿತ್ರ ಒಡಂಬಡಿಕೆಯ ಬಗ್ಗೆಯೇ ಇಂಥ ತಕರಾರನ್ನು ಅಳಿಸದೆ ಬರೆದಿಟ್ಟುಕೊಂಡ ಜನರ ಮೇಲೆ ನನಗೆ ಅಪಾರ ಗೌರವ. ಹೆದರಿಸಿ ಪಡೆದ ವಿಧೇಯತೆಗೆ ಬೆಲೆ ಇದೆಯೇ ಎಂಬ ಪ್ರಶ್ನೆಯನ್ನು ಅವರು ದೇವರಿಗೂ ಬಿಡಲಿಲ್ಲ.

ಗೂಢಚಾರರ ಕಥೆ ಎಲ್ಲರಿಗೂ ಗೊತ್ತು. ಹನ್ನೆರಡು ಜನ 40 ದಿನ, ದೇವರು ಕೊಡುತ್ತೇನೆಂದ ಕಾನಾನ್ ನಾಡು ನೋಡಿ, ಇಬ್ಬರು ಕೋಲಿನ ಮೇಲೆ ಹೊರುವಷ್ಟು ದೊಡ್ಡ ದ್ರಾಕ್ಷಿಗೊನೆ ತಂದರು. ಅವರಲ್ಲಿ ಹತ್ತು ಮಂದಿ ಹೇಳಿದ ಒಂದೇ ಮಾತು ನನಗೆ ಸಾಕು: ನಮ್ಮ ಕಣ್ಣಿಗೆ ನಾವೇ ಮಿಡಿತೆಗಳಂತೆ ಇದ್ದೆವು, ಆ ನಾಡಿನ ದೈತ್ಯರ ಕಣ್ಣಿಗೂ ಹಾಗೆಯೇ. ಮೊದಲು ತಮ್ಮ ಕಣ್ಣಿಗೆ, ಆಮೇಲೆ ಅವರ ಕಣ್ಣಿಗೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಅಳತೆಯೂ ಅಷ್ಟೇ ಇತ್ತು.

ಹೆದರಿದವರನ್ನು ಆ ಧರ್ಮ ಬರೀ ಶಿಕ್ಷಿಸಿತು ಎಂದರೆ ತಪ್ಪಾಗುತ್ತದೆ. ಧರ್ಮೋಪದೇಶಕಾಂಡದ 20ನೇ ಅಧ್ಯಾಯದಲ್ಲಿ ಯುದ್ಧಕ್ಕೆ ಹೊರಡುವ ಮುನ್ನ ಅಧಿಕಾರಿಗಳು ಸಾರಬೇಕು: ಯಾರಿಗೆ ಹೆದರಿಕೆಯೋ ಅವರು ಮನೆಗೆ ಹೋಗಲಿ. ಗಿದ್ಯೋನ ಎಂಬ ಸೇನಾನಾಯಕ ಹಾಗೆ ಸಾರಿದಾಗ 32,000 ಜನರಲ್ಲಿ 22,000 ಜನ ಎದ್ದು ಹೋದರು. ಅವರನ್ನು ಯಾರೂ ಬೈಯಲಿಲ್ಲ.

ಈಗ ನನ್ನ ಗುರುತುಗಳಲ್ಲಿ ಎಲ್ಲಕ್ಕಿಂತ ಗಾಢವಾದದ್ದಕ್ಕೆ ಬರುತ್ತೇನೆ.

ಯಾಜಕಕಾಂಡ 19:14. ಕಿವುಡನನ್ನು ಶಪಿಸಬಾರದು; ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬಾರದು; ನಿಮ್ಮ ದೇವರಿಗೆ ಅಂಜಿರಿ. ಕಿವುಡನಿಗೆ ಬೈದದ್ದು ಕೇಳುವುದಿಲ್ಲ. ಕುರುಡನಿಗೆ ಕಲ್ಲಿಟ್ಟವರು ಕಾಣುವುದಿಲ್ಲ. ಅವನು ದೂರು ಕೊಡಲಾರ, ತಿರುಗಿ ಹೊಡೆಯಲಾರ, ಸಾಕ್ಷಿ ಹೇಳಲಾರ. ಅದೇ ಅಧ್ಯಾಯದಲ್ಲಿ ಮುಂದೆ: ನರೆಗೂದಲಿನವರ ಮುಂದೆ ಎದ್ದು ನಿಲ್ಲು, ದೇವರಿಗೆ ಅಂಜು. 25ನೇ ಅಧ್ಯಾಯದಲ್ಲಿ: ಬಡವಾದ ನಿನ್ನ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡ, ದೇವರಿಗೆ ಅಂಜು. ನಿನ್ನಲ್ಲಿ ಆಳಾಗಿ ಬಂದವನನ್ನು ಕ್ರೂರವಾಗಿ ದುಡಿಸಬೇಡ, ದೇವರಿಗೆ ಅಂಜು. ಹನ್ನೊಂದನೇ ಶತಮಾನದ ಫ್ರಾನ್ಸಿನ ದೊಡ್ಡ ವ್ಯಾಖ್ಯಾನಕಾರ ರಾಶಿ ಈ ಸಾಲುಗಳ ಹತ್ತಿರ ನಿಂತು, ಮಾಡಿದವನ ಮನಸ್ಸಿನಲ್ಲಿ ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಜನರಿಗೆ ತಿಳಿಯದ ಕಡೆ, ಹೃದಯಕ್ಕೆ ಮಾತ್ರ ಒಪ್ಪಿಸಿದ ವಿಷಯಗಳಲ್ಲಿ, ಈ ಮಾತು ಬರುತ್ತದೆ ಎಂದು ವಿವರಿಸಿದ.

ಈ ಸಾಲುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಎಲ್ಲಿ ಮನುಷ್ಯರ ಭಯ ಇಲ್ಲವೋ ಅಲ್ಲಿ ದೇವರ ಭಯ ಬಂದು ನಿಲ್ಲುತ್ತದೆ. ಬಲಿಷ್ಠನ ಎದುರು ನಮಗೆ ಹೇಗೂ ಹೆದರಿಕೆ ಇರುತ್ತದೆ, ಅದಕ್ಕೆ ಧರ್ಮಶಾಸ್ತ್ರ ಬೇಕಾಗಿಲ್ಲ. ನಮಗೆ ಏನೂ ಮಾಡಲಾಗದವನ ಎದುರು ಏನು ನಮ್ಮನ್ನು ತಡೆಯಬೇಕು? ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮ ಗೆರಾರ್ ಎಂಬ ಊರಿನಲ್ಲಿ ಪರದೇಶಿಯಾಗಿ ತಂಗಿದಾಗ ಅವನಿಗಿದ್ದ ಆತಂಕವೂ ಅದೇ: ಈ ಊರಲ್ಲಿ ದೇವರ ಭಯವಿಲ್ಲ, ನನ್ನನ್ನು ಕೊಂದಾರು. ಅಮಾಲೇಕ್ಯರ ಮೇಲೆ ಧರ್ಮೋಪದೇಶಕಾಂಡ ಹೊರಿಸುವ ಅಪರಾಧವೂ ಅದೇ. ನೀವು ದಣಿದು ಬಳಲಿದ್ದಾಗ ಅವರು ಹಿಂದೆ ಬಿದ್ದ ಬಲಹೀನರ ಮೇಲೆ ಬಿದ್ದರು, ಅವರಿಗೆ ದೇವರ ಭಯವಿರಲಿಲ್ಲ. ಪೂಜೆ ತಪ್ಪಿಸಿದರು ಎಂದಿಲ್ಲ. ಸಾಲಿನ ಕೊನೆಯಲ್ಲಿ ಕುಂಟುತ್ತಾ ಬರುತ್ತಿದ್ದವರನ್ನು ಹೊಡೆದರು ಎಂದಿದೆ.

'ಕೇಳು' ಎಂದು ಶುರುವಾಗುವ ಧರ್ಮದಲ್ಲಿ ಕಿವುಡನ ಗತಿ ಏನು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ಕೇಳಲಾರ. ಅವನ ಪರವಾಗಿ, ಕಿವಿ ಇದ್ದವರು ಕೇಳಿಸಿಕೊಳ್ಳಬೇಕು. ಜಲ್ಲಿಕಲ್ಲಿನ ಮೇಲೆ ಮೊಣಕಾಲೂರಿದ್ದ ಹುಡುಗ ನಮಗಿಂತ ಎರಡು ವರ್ಷ ಚಿಕ್ಕವನು, ದಲಿತ ಕೂಲಿಕಾರನ ಮಗ. ಅವನ ಅಪ್ಪನಿಗೆ ವಾರ್ಡನ್ ಎದುರು ಕುರ್ಚಿ ಸಿಗಲಿಲ್ಲ. ಅಲ್ಲಿ ದೇವರ ಭಯ ಇಲ್ಲದವರು ಇದ್ದದ್ದು ನಿಜ. ಅವರು ಮೊಣಕಾಲೂರಿರಲಿಲ್ಲ, ಬೆಂಚಿನ ಮೇಲೆ ಕೂತು ಆಮೆನ್ ಅನ್ನುತ್ತಿದ್ದರು.

ಈ ಭಯ ಅರಸರಿಗೂ ಬೇಕು ಎಂದು ಆ ಜನ ಬರೆದುಕೊಂಡದ್ದು ಸಣ್ಣ ಮಾತಲ್ಲ. ಆ ಕಾಲದಲ್ಲಿ ಭಯ, ಪ್ರೀತಿ, ವಿಧೇಯತೆ ಇವೆಲ್ಲ ಸಾಮ್ರಾಟರು ಕೇಳುವ ಕಪ್ಪದ ಹಾಗೆ ಇದ್ದವು. ಅಶ್ಶೂರ ಸಾಮ್ರಾಜ್ಯದ ಅರಸ ಎಸರ್‌ಹದ್ದೋನ ಕ್ರಿ.ಪೂ. 672ರಲ್ಲಿ ತನ್ನ ಸಾಮಂತರಿಂದ ಆಣೆ ಮಾಡಿಸಿದ. ಅದರ ಮಣ್ಣಿನ ಹಲಗೆಗಳು 1955ರಲ್ಲಿ ನಿಮ್ರುದ್‌ನಲ್ಲಿ ಸಿಕ್ಕವು. ಯುವರಾಜ ಅಶ್ಶುರ್‌ಬನಿಪಾಲನನ್ನು ನಿಮ್ಮನ್ನು ನೀವು ಪ್ರೀತಿಸಿದಂತೆ ಪ್ರೀತಿಸಿರಿ, ತಪ್ಪಿದರೆ ನಿಮ್ಮ ನೆಲ ಕಬ್ಬಿಣವಾಗಲಿ, ಕಂಚಿನ ಆಕಾಶದಿಂದ ಮಳೆ ಬೀಳದಿರಲಿ. ಧರ್ಮೋಪದೇಶಕಾಂಡದ 28ನೇ ಅಧ್ಯಾಯದ ಶಾಪಗಳನ್ನು ಓದಿದವರಿಗೆ ಈ ಕಂಚು, ಕಬ್ಬಿಣ ಹಳೆಯ ಪರಿಚಯ. ಇಸ್ರಾಯೇಲ್ಯರ ಯೆಹೂದ ರಾಜ್ಯದ ಅರಸ ಮನಸ್ಸೆ ಈ ಎಸರ್‌ಹದ್ದೋನನ ಸಾಮಂತನಾಗಿದ್ದ. ಆಣೆಯ ಭಾಷೆಯನ್ನು ಸಾಮ್ರಾಟನಿಂದ ಕಿತ್ತುಕೊಂಡು ದೇವರಿಗೆ ಕೊಟ್ಟರು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಪೂರ್ತಿ ಹೃದಯ ಒಬ್ಬನಿಗೆ ಮೊದಲೇ ಕೊಟ್ಟಾಗಿದ್ದರೆ ಅಶ್ಶೂರದ ರಾಜಧಾನಿ ನಿನೆವೆಯಲ್ಲಿ ಕೂತವನಿಗೆ ಕೊಡಲು ಉಳಿಯುವುದೇನು? ಅಷ್ಟಕ್ಕೇ ನಿಲ್ಲದೆ, ತಮ್ಮ ಅರಸನೂ ಧರ್ಮಶಾಸ್ತ್ರದ ಒಂದು ಪ್ರತಿಯನ್ನು ಬರೆದಿಟ್ಟುಕೊಂಡು, ಜೀವಮಾನವೆಲ್ಲ ಓದಿ, ದೇವರಿಗೆ ಅಂಜುವುದನ್ನು ಕಲಿಯಬೇಕು, ಅವನ ಹೃದಯ ತನ್ನ ಸಹೋದರರಿಗಿಂತ ಮೇಲೇರಬಾರದು ಎಂದು ಬರೆದರು.

ಸೌಲ ಆ ಅರಸರಲ್ಲಿ ಮೊದಲನೆಯವನು. ನಮ್ಮ ಊಟದ ಹಾಲಿನ ವಾಕ್ಯ ಅವನಿಗೆ ಹೇಳಿದ್ದು.

ಅಮಾಲೇಕ್ಯರನ್ನು ಪೂರ್ತಿ ನಾಶ ಮಾಡು, ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ದನ, ಕುರಿ, ಒಂಟೆ, ಕತ್ತೆ, ಯಾವುದನ್ನೂ ಉಳಿಸಬೇಡ ಎಂಬ ಆಜ್ಞೆ ಪ್ರವಾದಿ ಸಮುವೇಲನ ಬಾಯಿಂದ ಬರುತ್ತದೆ. ಸೌಲ ಅವರ ಅರಸ ಅಗಾಗನನ್ನೂ ಒಳ್ಳೆಯ ಕುರಿದನಗಳನ್ನೂ ಉಳಿಸಿಕೊಳ್ಳುತ್ತಾನೆ. ಸಮುವೇಲ ಬಂದಾಗ, ಹೇಳಿದ್ದನ್ನೆಲ್ಲ ಮಾಡಿದ್ದೇನೆ ಎನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು, ಎಂದು ಕೇಳುತ್ತಾನೆ ಸಮುವೇಲ. ದೇವರಿಗೆ ಬಲಿ ಕೊಡಲು ಉಳಿಸಿದ್ದು ಎನ್ನುತ್ತಾನೆ ಸೌಲ. ಬಲಿಗಿಂತ ವಿಧೇಯತೆ ಮೇಲು ಎಂಬ ಮಾತು ಬರುವುದು ಆಗ. ಕೇಳು ಎಂಬ ಪದ ಈ ಅಧ್ಯಾಯದ ತುಂಬ ಗಂಟೆಯಂತೆ ಬಾರಿಸುತ್ತದೆ. ಕೊನೆಗೆ ಸೌಲ ಒಪ್ಪಿಕೊಳ್ಳುತ್ತಾನೆ: ಜನರಿಗೆ ಹೆದರಿ ಅವರ ಮಾತು ಕೇಳಿದೆ.

ಆ ಆಜ್ಞೆಯನ್ನು ನಾನು ಸಮರ್ಥಿಸಲಾರೆ. ಮೊಲೆಕೂಸು ಎಂಬ ಪದವನ್ನು ದಾಟಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. ಅದಕ್ಕೆ ಸಮಾಧಾನ ಹೇಳುವ ವ್ಯಾಖ್ಯಾನಗಳನ್ನು ಓದಿದ್ದೇನೆ, ಯಾವುದೂ ಮನಸ್ಸಿಗೆ ಇಳಿದಿಲ್ಲ. ಹೆರಿಗೆ ಕಲ್ಲಿನ ಹತ್ತಿರ ಕೂಸುಗಳನ್ನು ಉಳಿಸಿದ ಇಬ್ಬರ ಹೆಸರನ್ನು ಜೋಪಾನ ಮಾಡಿದ ಪುಸ್ತಕದಲ್ಲೇ ಇದೂ ಇದೆ ಎಂಬುದನ್ನು ಮುಚ್ಚಿಡುವುದಕ್ಕಿಂತ, ನೋಯುತ್ತಾ ಓದುವುದೇ ಸರಿ ಅನ್ನಿಸುತ್ತದೆ.

ಏಳು ಅಧ್ಯಾಯ ಮುಂದೆ ಹೋಗಿ. ತನ್ನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದನಿಗೆ ರೊಟ್ಟಿ ಕೊಟ್ಟರು ಎಂಬ ಕಾರಣಕ್ಕೆ ಸೌಲ ನೋಬ್ ಊರಿನ ಯಾಜಕರನ್ನು ಹಿಡಿದು ತರಿಸುತ್ತಾನೆ. ಸುತ್ತ ನಿಂತ ತನ್ನ ಕಾವಲಿನವರಿಗೆ, ಇವರನ್ನು ಕೊಲ್ಲಿರಿ ಎನ್ನುತ್ತಾನೆ. ಅವರು ಕೈ ಎತ್ತಲಿಲ್ಲ. ಅರಸನ ಎದುರಿನಲ್ಲೇ, ಆಯುಧ ಹಿಡಿದು ನಿಂತು, ಸುಮ್ಮನಾದರು. ಪಕ್ಕದ ಎದೋಮ್ ನಾಡಿನವನಾದ ದೋಯೇಗ ಮುಂದೆ ಬಂದು ನಾರಿನ ಏಫೋದು ಎಂಬ ಪೂಜಾ ಉಡುಪು ತೊಟ್ಟ 85 ಯಾಜಕರನ್ನು ಕೊಂದ. ಆಮೇಲೆ ಊರಿಗೂ ಕತ್ತಿ ಬಿತ್ತು: ಗಂಡಸರು, ಹೆಂಗಸರು, ಮಕ್ಕಳು, ಮೊಲೆಕೂಸುಗಳು, ದನ, ಕತ್ತೆ, ಕುರಿ.

ಅದೇ ಪಟ್ಟಿ. ಅಮಾಲೇಕ್ಯರ ಮೇಲೆ ಪೂರ್ತಿ ನಡೆಸಲಿಲ್ಲ ಎಂದು ಬೈಸಿಕೊಂಡ ಆ ಆಜ್ಞೆಯನ್ನು ಸೌಲ ತನ್ನದೇ ಜನರ ಮೇಲೆ, ತನ್ನದೇ ಯಾಜಕರ ಮೇಲೆ, ಕುರಿಯನ್ನೂ ಬಿಡದೆ ನಡೆಸಿದ. ಬರೆದವರಿಗೆ ಇದು ಗೊತ್ತಿಲ್ಲದೆ ಆ ಪದಗಳು ಮತ್ತೆ ಬಂದಿರಲಾರವು ಎಂದೇ ನನ್ನ ನಂಬಿಕೆ. ಗೋಡೆಯ ಮೇಲೆ ವಿಧೇಯತೆಯ ವಾಕ್ಯ ಬರೆಸುವವರು 15ನೇ ಅಧ್ಯಾಯದಲ್ಲೇ ನಿಲ್ಲಿಸಿಬಿಡುತ್ತಾರೆ. 22ನೇ ಅಧ್ಯಾಯವನ್ನು ಅದರ ಪಕ್ಕ ಬರೆಸಬೇಕಿತ್ತು.

ಯೆರೂಸಲೇಮಿನ ದಕ್ಷಿಣಕ್ಕೆ ಹಿನ್ನೋಮ್ ಎಂಬ ಕಣಿವೆ ಇದೆ. ಅಲ್ಲಿಯ ತೋಫೆತ್ ಎಂಬ ಜಾಗದಲ್ಲಿ ಜನ ತಮ್ಮ ಗಂಡು ಹೆಣ್ಣು ಮಕ್ಕಳನ್ನು ಬೆಂಕಿಗೆ ಕೊಡುತ್ತಿದ್ದರು ಎಂದು ಪ್ರವಾದಿ ಯೆರೆಮೀಯ ಗೋಳಾಡುತ್ತಾನೆ. ದೇವರ ಬಾಯಲ್ಲಿ ಅವನು ಇಡುವ ಮಾತು: ನಾನು ಅದನ್ನು ಆಜ್ಞಾಪಿಸಲಿಲ್ಲ, ಅದು ನನ್ನ ಮನಸ್ಸಿಗೂ ಬರಲಿಲ್ಲ. ಹಾಗೆ ಹೇಳಬೇಕಾಗಿ ಬಂದಿದೆ ಎಂದರೆ, ದೇವರೇ ಕೇಳಿದ್ದು ಎಂದು ನಂಬಿ ಕೊಟ್ಟವರು ಅಲ್ಲಿ ಇದ್ದಿರಬೇಕು. ಅಬ್ರಹಾಮ ದೇವರ ಮಾತಿನಂತೆ ಬಲಿ ಕೊಡಲು ಮಗ ಇಸಾಕನನ್ನು ಕಟ್ಟಿ ಕಟ್ಟಿಗೆಯ ಮೇಲೆ ಮಲಗಿಸಿದ ಕಥೆಯನ್ನು ಈ ಕಣಿವೆಯ ನೆರಳಿನಲ್ಲಿಟ್ಟು ಓದುತ್ತೇನೆ. ನಾಶವಾಗಲಿದ್ದ ಸೊದೋಮ್ ಊರಿನ ಅಪರಿಚಿತರಿಗಾಗಿ, ಐವತ್ತು ನೀತಿವಂತರಿದ್ದರೆ ಊರನ್ನು ಉಳಿಸುವೆಯಾ ಎಂದು ಶುರುಮಾಡಿ ಹತ್ತರವರೆಗೆ ದೇವರೊಡನೆ ಚೌಕಾಸಿ ಮಾಡಿದ ಅದೇ ಅಬ್ರಹಾಮ ಮಗನಿಗಾಗಿ ಒಂದು ಮಾತೂ ಆಡುವುದಿಲ್ಲ. ಕತ್ತಿ ಎತ್ತಿದ ಮೇಲೆ, ಹುಡುಗನ ಮೇಲೆ ಕೈಹಾಕಬೇಡ ಎಂದು ಬಂದ ಎರಡನೇ ಧ್ವನಿ ಅವನಿಗೆ ಕೇಳಿಸಿತು. ಅವನ ಕಿವಿಯ ದೊಡ್ಡತನ ನನಗೆ ಕಾಣುವುದು ಅಲ್ಲಿ. ತೋಫೆತಿನ ತಂದೆಯರಿಗೆ ಆ ಧ್ವನಿ ಕೇಳಿಸಲಿಲ್ಲ.

ಅದೇ ಕಣಿವೆಯ ಮೇಲಿನ ಇಳಿಜಾರಿನಲ್ಲಿ 1979ರಲ್ಲಿ ಗೇಬ್ರಿಯಲ್ ಬರ್ಕಾಯ್ ಎಂಬ ಪುರಾತತ್ವಜ್ಞರು ಹಳೆಯ ಸಮಾಧಿಗಳನ್ನು ಅಗೆಸಿದರು. ಒಂದು ಕೋಣೆಯಲ್ಲಿ ಬೀಡಿಯಂತೆ ಸುತ್ತಿದ ಎರಡು ಬೆಳ್ಳಿಯ ತಗಡುಗಳು ಸಿಕ್ಕವು. ಅವುಗಳನ್ನು ಮುರಿಯದೆ ಬಿಚ್ಚುವುದಕ್ಕೆ ಮೂರು ವರ್ಷ ಹಿಡಿಯಿತು. ದೊಡ್ಡದು 97 ಮಿಲಿಮೀಟರ್ ಉದ್ದ, ಚಿಕ್ಕದು ಬರೀ 39. ಕೊರಳಿಗೆ ಕಟ್ಟಿಕೊಳ್ಳುವ ತಾಯತಗಳು. ಕ್ರಿ.ಪೂ. 600ರ ಆಸುಪಾಸು, ಅಂದರೆ ಯೆರೆಮೀಯ ಬದುಕಿದ್ದ ಕಾಲ, ಬಾಬೆಲಿನವರು, ಅಂದರೆ ಬ್ಯಾಬಿಲೋನಿನವರು, ಯೆರೂಸಲೇಮನ್ನು ಸುಡುವ ಸ್ವಲ್ಪ ಮುಂಚೆ. ಕಣ್ಣಿಗೆ ಕಾಣದಷ್ಟು ನವಿರಾಗಿ ಗೀಚಿದ ಅಕ್ಷರಗಳಲ್ಲಿ ಅರಣ್ಯಕಾಂಡದ ಆರನೇ ಅಧ್ಯಾಯದ ಆಶೀರ್ವಾದ: ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. ಬೈಬಲಿನ ಸಾಲುಗಳ ಬರಹರೂಪಗಳಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯದು ಇದೇ. ಅದನ್ನು ಕಟ್ಟಿಕೊಂಡವರು ಏನಕ್ಕೆ ಹೆದರಿದ್ದರೋ. ಹೆದರಿದವರ ಕೊರಳಲ್ಲಿ, ಬೆವರಿಗೆ ತಾಗಿಕೊಂಡು, ಆ ಮಾತು ಇತ್ತು. ಕೆಳಗೆ ಮಕ್ಕಳ ಬೂದಿ, ಮೇಲೆ ಈ ತಾಯತ, ನಡುವೆ ಒಂದು ಇಳಿಜಾರು.

ಈಗ ನಾನೇ ನಮ್ಮ ಸಭೆಯಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತೇನೆ. ಕಳೆದ ತಿಂಗಳು ನೋಬ್ ಊರಿನ ಅಧ್ಯಾಯ ತೆಗೆದುಕೊಂಡೆ. ಮಕ್ಕಳ ಪಾಠಪಟ್ಟಿಯಲ್ಲಿ ಅದಿಲ್ಲ. ಕಾವಲಿನವರು ಕೈ ಎತ್ತಲಿಲ್ಲ ಎಂಬಲ್ಲಿಗೆ ಬಂದಾಗ ಆರನೇ ಕ್ಲಾಸಿನ ಒಬ್ಬ ಹುಡುಗಿ ಕೈ ಎತ್ತಿದಳು.

"ಸರ್, ಆಮೇಲೆ ಅವರಿಗೆ ಏನಾತ್ರಿ?"

ಪುಸ್ತಕದಲ್ಲಿ ಬರೆದಿಲ್ಲ ಅಂದೆ.

"ಅವರ ಹೆಸರು?"

ಅದೂ ಇಲ್ಲ ಅಂದೆ. ಅವಳಿಗೆ ಅದು ಸರಿ ಬರಲಿಲ್ಲ, ಮುಖದಲ್ಲಿ ಕಾಣುತ್ತಿತ್ತು. ಯಾಕೆ ಹಾಗೆ ಮಾಡಿದೆನೋ, ಅಥವಾ ಇಷ್ಟು ದಿನ ಯಾಕೆ ಮಾಡಿರಲಿಲ್ಲವೋ, ಪುಸ್ತಕ ಮುಚ್ಚಿ ಬ್ರೆಡ್ಡಿನ ಪ್ಯಾಕೆಟ್ಟಿನ ಕಥೆ ಹೇಳಿದೆ. ಬಾಗಿಲ ಸಂದಿ, ಜಲ್ಲಿಕಲ್ಲು, ಆಮೆನ್, ಟ್ರಂಕಿನ ಚಿಲಕದ ಸದ್ದು, ಎಲ್ಲ. ಮಕ್ಕಳು ಗದ್ದಲ ಮಾಡದೆ ಕೇಳಿದರು.

"ಆ ಹುಡುಗನ ಹೆಸರು ಏನ್ರಿ ಸರ್?" ಅಂದಳು ಅವಳೇ.

ಹೇಳಿದೆ. 36 ವರ್ಷಗಳಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.